ತುಳುವಿನ ಎರಡು ‘ನಾವು’: ವ್ಯಾಕರಣವೂ ವೇದವ್ಯಾಖ್ಯಾನವೂ

ಚಾರ್ಮಾಡಿ ಘಟ್ಟದ ತಪ್ಪಲಿನ ನೆರಿಯದಂಥ ಊರಿನಲ್ಲಿ ಸೇವೆಮಾಡುವ ಬೋಧಕನು ಕನ್ನಡದಲ್ಲಿ ‘ನಾವು’ ಎಂದು ನಿರಾತಂಕವಾಗಿ ನುಡಿಯಬಲ್ಲನು. ಅದನ್ನೇ ತುಳುವಿನಲ್ಲಿ ಹೇಳಹೊರಟೊಡನೆ ಅವನು ಒಂದು ನಿರ್ಧಾರಕ್ಕೆ ಬರಲೇಬೇಕು. ಕೇಳುವವನನ್ನೂ ಒಳಗೊಂಡ ‘ನಾವು’ ತುಳುವಿನಲ್ಲಿ ‘ನಮ’. ಅವನನ್ನು ಬಿಟ್ಟು ಹೇಳುವ ‘ನಾವು’ ‘ಎಂಕುಲು’. ಕ್ರಿಯಾಪದದಲ್ಲಿ ಭೇದವಿಲ್ಲ: ‘ನಮ ಪೋಪ’, ‘ಎಂಕುಲು ಪೋಪ’. ಬೆಳ್ತಂಗಡಿ ಸೀಮೆಯಲ್ಲಿ ನೆಲೆಸಿರುವ ಮಲಯಾಳಿ ವಿಶ್ವಾಸಿಗಳಿಗೆ ಇದು ಹೊಸತಲ್ಲ. ಅವರಲ್ಲಿಯೂ ‘ನಮ್ಮಳ್’ ಬೇರೆ, ‘ಞಂಙಳ್’ ಬೇರೆ. ಕಡಲಾಚೆಯ ಆಸ್ಟ್ರೋನೇಷ್ಯನ್ ಭಾಷೆಗಳಲ್ಲಿಯೂ ಈ ಜೋಡಿ ಉಂಟು. ಇಂಡೋನೇಷ್ಯದ ಕ್ರೈಸ್ತರಿಗೆ ‘ಕಿತ’ ಒಳಗೊಳ್ಳುವ ‘ನಾವು’, ‘ಕಮಿ’ ಹೊರಗಿಡುವ ‘ನಾವು’. ಕರ್ತನ ಪ್ರಾರ್ಥನೆಯಲ್ಲಿ ಅವರು ‘ನಮ್ಮ ತಂದೆ’ ಎಂಬುದಕ್ಕೆ ಬಳಸುವುದು ‘ಕಮಿ’ಯನ್ನೇ. ಕೇಳುವವನು ತಂದೆಯೇ ಆಗಿರುವಾಗ, ಆತನನ್ನು ಮಕ್ಕಳ ಸಾಲಿಗೆ ಸೇರಿಸಲಾಗದಷ್ಟೆ.

ಪಾಪನಿವೇದನೆಯಲ್ಲಿಯೂ ಹಾಗೆಯೇ: ದೇವರ ಮುಂದೆ ‘ಎಂಕುಲು’ ಸರಿ. ಆದರೆ ಸಭೆಗೆ ಮುಖಮಾಡಿ ಪಾಪದ ವಿಷಯ ಬೋಧಿಸುವಾಗ ‘ನಮ’ ಎನ್ನದಿದ್ದರೆ ಕೇಳುಗರು ನಿರ್ದೋಷಿಗಳಾಗಿಬಿಡುತ್ತಾರೆ!

ಮೂಲ ಗ್ರೀಕ್ ಭಾಷೆಯು ಈ ವಿಷಯದಲ್ಲಿ ಕನ್ನಡದಂತೆಯೇ ಮೌನವಾಗಿದೆ. ಆದುದರಿಂದ 1847ರಲ್ಲಿ ತುಳು ಹೊಸ ಒಡಂಬಡಿಕೆಯನ್ನು ಹೊರತಂದ ಬಾಸೆಲ್ ಮಿಶನರಿಗಳಿಗೆ ಪ್ರತಿಯೊಂದು ‘ನಾವು’ ಒಂದು ಪ್ರಶ್ನೆಯಾಗಿತ್ತು. ಮಾರ್ಕ 4:38ರಲ್ಲಿ ಶಿಷ್ಯರು ಬಿರುಗಾಳಿಗೆ ಹೆದರಿ, ತಾವು ಸಾಯುತ್ತಿದ್ದೇವೆಂದು ಮಲಗಿದ್ದ ಯೇಸುವನ್ನು ಎಬ್ಬಿಸುತ್ತಾರೆ. ಸಾಯುವವರಲ್ಲಿ ಆತನೂ ಸೇರಿದ್ದಾನೆಯೇ? ‘ಎಂಕುಲು’ ಎಂದರೆ ಆತನು ದಡದ ಮೇಲಿದ್ದವನಂತಾಗುತ್ತಾನೆ. ಒಂದೇ ದೋಣಿ, ಒಂದೇ ನೀರು. ಮನುಷ್ಯಾವತಾರವನ್ನು ನಂಬುವ ನಮಗೆ ‘ನಮ’ವೇ ಯುಕ್ತವೆಂದು ತೋರುತ್ತದೆ. ಶಿಷ್ಯರ ದೂರಿನ ದನಿಯನ್ನು ಮುಂದಿಟ್ಟು ‘ಎಂಕುಲು’ ಎನ್ನುವವರ ವಾದದಲ್ಲಿಯೂ ಹುರುಳುಂಟು.

ಯೋಹಾನ 4:12 ಇನ್ನೂ ಸೂಕ್ಷ್ಮವಾದುದು. ಸಮಾರ್ಯದ ಸ್ತ್ರೀಯು ಯೆಹೂದ್ಯನಾದ ಯೇಸುವಿನೆದುರಿಗೆ ಯಾಕೋಬನನ್ನು ‘ನಮ್ಮ ಪಿತೃ’ ಎನ್ನುತ್ತಾಳೆ. ‘ಎಂಕ್ಲೆನ’ ಎಂದರೆ ಯಾಕೋಬನು ಸಮಾರ್ಯದವರ ಸೊತ್ತು; ‘ನಮ್ಮ’ ಎಂದರೆ ಬಾವಿಯ ಬಳಿ ಇಬ್ಬರು ಜ್ಞಾತಿಗಳು ಎದುರಾಗಿದ್ದಾರೆ. ಮೂರು ವಚನಗಳ ಹಿಂದಷ್ಟೇ ಯೆಹೂದ್ಯರಿಗೂ ಸಮಾರ್ಯದವರಿಗೂ ಇರುವ ಅಂತರವನ್ನು ಎತ್ತಿ ಹೇಳಿದವಳು ಅವಳೇ. ಆದುದರಿಂದ ಇಲ್ಲಿ ‘ಎಂಕ್ಲೆನ’ ಎಂದೇ ನಮ್ಮ ಅಭಿಪ್ರಾಯ.

ಧ್ವನಿಯ ವಿಷಯದಲ್ಲಿ ತೊಡಕು ಲಿಪಿಯದು. ತುಳುವಿನಲ್ಲಿ ಪದಾಂತ್ಯದ ಎಕಾರ ಎರಡು ಬಗೆ: ಬಾಯಿ ಅಗಲಿಸಿ ‘ಯಾನ್ ಬರ್ಪೆ’ ಎಂದರೆ ನಾನು ಬರುತ್ತೇನೆ, ಸಾಮಾನ್ಯ ಎಕಾರದಿಂದ ‘ಆಯೆ ಬರ್ಪೆ’ ಎಂದರೆ ಅವನು ಬರುತ್ತಾನೆ. ಕನ್ನಡ ಲಿಪಿಯಲ್ಲಿ ಎರಡಕ್ಕೂ ಒಂದೇ ಅಕ್ಷರ. ಬ್ರಿಗೆಲ್ ಅವರ ವ್ಯಾಕರಣವು 1872ರಲ್ಲಿ, ಮ್ಯಾನರ್ ಅವರ ನಿಘಂಟು 1886ರಲ್ಲಿ ಬಂದವಾದರೂ ಪೀಠದಲ್ಲಿ ನಿಂತ ವಾಚಕನ ಕಣ್ಣಿಗೆ ಇಂದಿಗೂ ಕಾಣುವುದು ಆ ಒಂದೇ ಎಕಾರ. ಪ್ರಕಟನೆಯ ಕೊನೆಯ ಅಧ್ಯಾಯದಲ್ಲಿ ಕರ್ತನು ತಾನೇ ಬರುವೆನೆಂದು ಮಾತುಕೊಡುವಲ್ಲಿ ಸರ್ವನಾಮವನ್ನು ಬಿಟ್ಟು ಬರೀ ‘ಬರ್ಪೆ’ ಎಂದು ಬರೆದಿದ್ದರೆ, ತುಳು ಬಾರದ ವಾಚಕನ ಬಾಯಲ್ಲಿ ಅದು ಬೇರೊಬ್ಬನ ಸುದ್ದಿಯಾಗುತ್ತದೆ. ‘ಯಾನ್’ ಎಂಬುದನ್ನು ಸೇರಿಸಿಯೇ ಬರೆಯಬೇಕು; ವಾಚಕನು ಹಿಂದಿನ ದಿನವೇ ಪಾಠವನ್ನು ತುಳು ಮನೆಮಾತಿನ ಹಿರಿಯರೊಬ್ಬರ ಮುಂದೆ ಓದಿ ಒಪ್ಪಿಸಬೇಕು.