ಬಿಸಿಲಿನ ಸವಾರಿಗೆ ಎಂತಹ ಜಾಕೆಟ್ಟು?

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಬೆಂಗಳೂರಿನ ಯಾವುದಾದರೊಂದು ಚೌಕದಲ್ಲಿ ಕೆಂಪು ದೀಪ ಬಿದ್ದು ನಿಂತಿರುವ ಮೋಟಾರು ಸೈಕಲುಗಳನ್ನು ಗಮನಿಸಿದರೆ ವಿಚಿತ್ರವಾದ ನೋಟವೊಂದು ಕಣ್ಣಿಗೆ ಬೀಳುತ್ತದೆ. ಸಾಕಷ್ಟು ಹಣ ತೆತ್ತು ಒಳ್ಳೆಯ ಜಾಕೆಟ್ಟನ್ನು ಕೊಂಡಿರುವ ಸವಾರನು ಅದನ್ನು ಮೈಮೇಲೆ ಧರಿಸದೆ, ಮಡಿಸಿ, ಪೆಟ್ರೋಲ್ ಟ್ಯಾಂಕಿನ ಮೇಲೆ ಇಟ್ಟುಕೊಂಡಿರುತ್ತಾನೆ. ಕೇಳಿದರೆ, “ಸೆಕೆ ತಡೆಯಲಾಗದು, ಸ್ವಾಮಿ” ಎನ್ನುತ್ತಾನೆ. ಅವನ ಮಾತು ಸುಳ್ಳಲ್ಲ. ಆದರೆ ಆ ಹೊತ್ತಿನಲ್ಲಿ ಜಾಕೆಟ್ಟು ಕಾಪಾಡುತ್ತಿರುವುದು ಟ್ಯಾಂಕಿನ ಬಣ್ಣವನ್ನೇ ಹೊರತು ಸವಾರನ ಚರ್ಮವನ್ನಲ್ಲ.

ತಲೆಗೆ ಹೆಲ್ಮೆಟ್ಟು ಇರಲೇಬೇಕೆಂದು ನಮ್ಮ ದೇಶದ ಕಾನೂನು ವಿಧಿಸಿದೆ. ಜಾಕೆಟ್ಟಿನ ಮಾತು ಸವಾರನ ವಿವೇಚನೆಗೆ ಬಿಟ್ಟದ್ದು. ಆದುದರಿಂದ ಅದನ್ನು ತೊಡುವುದೋ ಬಿಡುವುದೋ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವವನು ಸೂರ್ಯನೇ. ರಸ್ತೆಯಿಂದಲೂ ಬಿಸಿಲಿನಿಂದಲೂ ಒಟ್ಟಿಗೆ ಕಾಪಾಡುವ ಉಡುಪು ಸಾಧ್ಯವೆ? ಸಾಧ್ಯವಾದರೆ ಅದನ್ನು ಗುರುತಿಸುವ ಬಗೆ ಹೇಗೆ? ಇದನ್ನು ಸ್ವಲ್ಪ ವಿಚಾರಮಾಡಿ ನೋಡೋಣ.

ಮೊದಲು ರಸ್ತೆಯ ವಿಷಯ. ಗಂಟೆಗೆ 60 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಈ ವೇಗದಲ್ಲಿ ಬಿದ್ದವನು ಬಿದ್ದಲ್ಲಿಯೇ ನಿಲ್ಲುವುದಿಲ್ಲ. ಬಟ್ಟೆಗೂ ಡಾಂಬರಿಗೂ ನಡುವಣ ಘರ್ಷಣಾಂಕ 0.7 ಎಂದು ಇಟ್ಟುಕೊಂಡು ಲೆಕ್ಕ ಹಾಕಿದರೆ, ಅವನು ಎರಡು ಸೆಕೆಂಡಿಗೂ ಹೆಚ್ಚು ಕಾಲ, ಸುಮಾರು 20 ಮೀಟರ್ ದೂರ ಜಾರಿಕೊಂಡು ಹೋಗುವನು. ಅವನ ತೂಕ 70 ಕಿಲೋಗ್ರಾಂ ಆಗಿದ್ದರೆ, ಆ ಅವಧಿಯಲ್ಲಿ ಸುಮಾರು 9,700 ಜೂಲ್ ಶಕ್ತಿಯು ಶಾಖವಾಗಿಯೂ ಸವೆತವಾಗಿಯೂ ಮಾರ್ಪಡಬೇಕು. ನಮ್ಮ ಚರ್ಮದ ದಪ್ಪವಾದರೋ ಎರಡು ಮಿಲಿಮೀಟರಿನ ಆಸುಪಾಸು. ತೆಳುವಾದ ಹತ್ತಿಯ ಅಂಗಿಯು ಇಂತಹ ಉಜ್ಜುವಿಕೆಯ ಮುಂದೆ ಕ್ಷಣಾರ್ಧದಲ್ಲಿ ಹರಿದುಹೋಗುವುದು. ಇನ್ನೊಂದು ಮಾತನ್ನೂ ನೆನಪಿನಲ್ಲಿಡಬೇಕು: ವೇಗವು ಇಮ್ಮಡಿಯಾದರೆ ಜಾರುವ ದೂರ ಇಮ್ಮಡಿಯಲ್ಲ, ನಾಲ್ಮಡಿಯಾಗುತ್ತದೆ.

ಜಾಕೆಟ್ಟಿನಿಂದ ನಿಜವಾಗಿಯೂ ಪ್ರಯೋಜನವುಂಟೆ? ಆಸ್ಟ್ರೇಲಿಯಾದ ಕ್ಯಾನ್‌ಬೆರಾ ಪ್ರದೇಶದಲ್ಲಿ ಅಪಘಾತಕ್ಕೆ ಒಳಗಾದ 212 ಸವಾರರನ್ನು ಕುರಿತು ಲಿಜ್ ಡಿ ರೋಮ್ ಮತ್ತು ಸಂಗಡಿಗರು 2011ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ಸವಾರಿಗೆಂದೇ ತಯಾರಾದ ಜಾಕೆಟ್ಟನ್ನು ತೊಟ್ಟಿದ್ದವರು ಆಸ್ಪತ್ರೆ ಸೇರುವ ಸಂಭವ ಇತರರಿಗಿಂತ ಸುಮಾರು ಶೇಕಡ 21ರಷ್ಟು ಕಡಿಮೆಯಾಗಿದ್ದಿತು. ಅದೇ ಅಧ್ಯಯನದಲ್ಲಿ ಎಚ್ಚರಿಕೆಯ ಮಾತೂ ಉಂಟು: ಪರಿಶೀಲಿಸಿದ ಜಾಕೆಟ್ಟುಗಳಲ್ಲಿ ನೂರಕ್ಕೆ ಸುಮಾರು ಮೂವತ್ತು ಅಪಘಾತದ ವೇಳೆ ಹರಿದೋ ಸವೆದೋ ಕೆಲಸಕ್ಕೆ ಬಾರದೆ ಹೋಗಿದ್ದವು. ಎಂದರೆ, ಜಾಕೆಟ್ಟು ಎಂಬ ಹೆಸರಿದ್ದ ಮಾತ್ರಕ್ಕೆ ಅದು ಕಾಪಾಡಲಾರದು. ಎಂತಹ ಜಾಕೆಟ್ಟೇ ಆಗಲಿ, ಲಾರಿಗೆ ಡಿಕ್ಕಿ ಹೊಡೆದವನನ್ನು ಅದು ಉಳಿಸೀತೆಂದು ನಂಬುವುದೂ ತಪ್ಪು. ಅದು ತಡೆಯುವುದು ಮುಖ್ಯವಾಗಿ ತರಚುಗಾಯಗಳನ್ನು, ಚರ್ಮ ಕಿತ್ತುಬರುವುದನ್ನು.

ಈ ಉಡುಪಿನ ಪ್ರಸಿದ್ಧ ರೂಪವಾದ ಕಪ್ಪು ಚರ್ಮದ ಜಾಕೆಟ್ಟು ಚಳಿಯ ನಾಡಿನ ಸಂತಾನ. ನ್ಯೂಯಾರ್ಕಿನ ಇರ್ವಿಂಗ್ ಶಾಟ್ 1928ರಲ್ಲಿ ಓರೆ ಜಿಪ್ಪಿನ ಅಂತಹ ಜಾಕೆಟ್ಟನ್ನು ತಯಾರಿಸಿದನು. 1953ರ ಒಂದು ಚಲನಚಿತ್ರದಲ್ಲಿ ನಟ ಮಾರ್ಲನ್ ಬ್ರ್ಯಾಂಡೊ ಆ ಬಗೆಯ ಜಾಕೆಟ್ಟನ್ನು ತೊಟ್ಟು ಅದನ್ನು ಲೋಕಪ್ರಸಿದ್ಧಗೊಳಿಸಿದನು. ಸವೆತವನ್ನು ತಡೆಯುವುದರಲ್ಲಿ ದಪ್ಪನಾದ ಚರ್ಮಕ್ಕೆ ಸಮನಾದ ವಸ್ತು ವಿರಳ. ಆದರೆ ಗಾಳಿಯನ್ನು ತಡೆಯುವುದೇ ಅದರ ಇನ್ನೊಂದು ಗುಣ. ಚಳಿಯಲ್ಲಿ ವರವಾದದ್ದು ನಮ್ಮ ಬೇಸಗೆಯಲ್ಲಿ ಶಾಪವಾಗುತ್ತದೆ.

ಏಕೆಂದರೆ ನಮ್ಮ ದೇಹವೂ ಒಂದು ಒಲೆಯೇ. ಸುಮ್ಮನೆ ಕುಳಿತಿರುವ ಮನುಷ್ಯನ ಮೈಯಿಂದ ಸುಮಾರು 100 ವಾಟ್‌ನಷ್ಟು ಶಾಖ ಹೊರಬೀಳುತ್ತಿರುತ್ತದೆ. ಸವಾರಿಯ ಶ್ರಮವನ್ನು ಸೇರಿಸಿ 150 ವಾಟ್ ಎನ್ನೋಣ. ಚರ್ಮದ ಉಷ್ಣತೆ ಸಾಮಾನ್ಯವಾಗಿ 33ರಿಂದ 35 ಡಿಗ್ರಿ ಸೆಲ್ಸಿಯಸ್. ಸುತ್ತಲಿನ ಗಾಳಿ ಇದಕ್ಕಿಂತ ತಂಪಾಗಿರುವ ತನಕ ಬೀಸುವ ಗಾಳಿಯೇ ಶಾಖವನ್ನು ಒಯ್ಯುವುದು. ಗಾಳಿ ಇದಕ್ಕಿಂತ ಬಿಸಿಯಾದೊಡನೆ ವ್ಯಾಪಾರ ತಿರುವುಮುರುವಾಗಿ, ಗಾಳಿಯಿಂದಲೇ ಮೈಗೆ ಶಾಖ ಹರಿಯತೊಡಗುತ್ತದೆ. ಆಗ ಉಳಿಯುವ ಉಪಾಯ ಒಂದೇ, ಬೆವರು.

ಮಣ್ಣಿನ ಹೂಜಿಯಲ್ಲಿ ನೀರು ತಣ್ಣಗಾಗುವ ಬಗೆ ವಾಚಕರಿಗೆ ಗೊತ್ತೇ ಇದೆ. ಹೂಜಿಯ ಸೂಕ್ಷ್ಮರಂಧ್ರಗಳಿಂದ ಒಸರಿದ ನೀರು ಆವಿಯಾಗುವಾಗ ಒಳಗಿನ ಶಾಖವನ್ನು ಹೀರಿಕೊಂಡು ಹೋಗುತ್ತದೆ. ಬೆವರಿನ ಕೆಲಸವೂ ಇದೇ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 2,400 ಕಿಲೋಜೂಲ್ ಶಾಖವನ್ನು ಒಯ್ಯುತ್ತದೆ. ನಮ್ಮ ಸವಾರನ ದೇಹವು ಗಂಟೆಯೊಂದಕ್ಕೆ ಉತ್ಪಾದಿಸುವ 540 ಕಿಲೋಜೂಲ್ ಶಾಖವನ್ನು ತೊಲಗಿಸಲು ಕಾಲು ಲೀಟರಿಗಿಂತಲೂ ಕಡಿಮೆ ಬೆವರು ಸಾಕು. ಆದರೆ ಅದು ಆವಿಯಾಗಬೇಕು. ತೊಟ್ಟಿಕ್ಕಿ ಕೆಳಗೆ ಬಿದ್ದ ಬೆವರು, ಗಾಳಿಯಾಡದ ಬಟ್ಟೆಯೊಳಗೆ ಕೊಳೆಯುವ ಬೆವರು, ಎರಡೂ ವ್ಯರ್ಥ.

ಈ ತತ್ತ್ವವನ್ನು ಕೈಯಲ್ಲಿ ಹಿಡಿದುಕೊಂಡು ನಮ್ಮ ನಾಡಿನಲ್ಲಿಯೇ ಮೂರು ಕಡೆ ಸವಾರಿ ಹೋಗಿಬರೋಣ.

ಮಂಗಳೂರಿನ ಬೇಸಗೆಯಲ್ಲಿ ಗಾಳಿಯ ಉಷ್ಣತೆ ಚರ್ಮದ ಉಷ್ಣತೆಯ ಹತ್ತಿರದಲ್ಲಿಯೇ ಇರುತ್ತದೆ; ಅದರಲ್ಲಿ ನೀರಾವಿಯೂ ತುಂಬಿರುತ್ತದೆ. ಬೆವರು ಬೇಗ ಆರದು. ಇಲ್ಲಿ ಎಷ್ಟು ಗಾಳಿ ನುಗ್ಗಿದರೆ ಅಷ್ಟು ಒಳ್ಳೆಯದು. ಆದುದರಿಂದ ಎದೆ, ಬೆನ್ನು, ತೋಳುಗಳ ಒಳಭಾಗ ಜಾಲರಿಯಂತಿರುವ ಬಟ್ಟೆಯ ಜಾಕೆಟ್ಟು, ಅಂಗಡಿಯವರು ಮೆಶ್ ಎಂದು ಕರೆಯುವಂಥದು, ತಕ್ಕುದು.

ಬೆಂಗಳೂರಿನಲ್ಲಿ ಗಾಳಿ ಅಷ್ಟು ಬಿಸಿಯೂ ಅಲ್ಲ, ಅಷ್ಟು ತೇವವೂ ಅಲ್ಲ. ಇಲ್ಲಿಯ ತೊಂದರೆ ವಾಹನಗಳ ದಟ್ಟಣೆ. ನಿಂತ ಗಾಡಿಗೆ ಗಾಳಿಯಿಲ್ಲ. ಹೀಗಾಗಿ ಇಲ್ಲಿಗೂ ಜಾಲರಿ ಬಟ್ಟೆಯೇ ಲೇಸು. ನಿಂತಾಗ ಮುಂದಿನ ಜಿಪ್ಪನ್ನು ಇಳಿಸಿ, ಹೊರಡುವಾಗ ಏರಿಸಿಕೊಳ್ಳುವ ಅಭ್ಯಾಸವೂ ಬೇಕು.

ರಾಯಚೂರು, ಕಲಬುರಗಿಗಳ ಮಾತೇ ಬೇರೆ. ಮೇ ತಿಂಗಳಲ್ಲಿ ಉಷ್ಣತೆ 40 ಡಿಗ್ರಿಯನ್ನು ದಾಟುವುದು, ಗಾಳಿಯೋ ಒಣಗಾಳಿ. ಬೆವರು ಒಸರುವ ವೇಗಕ್ಕೆ ಒಂದು ಮಿತಿಯುಂಟು. ಒಸರಿದ ಬೆವರನ್ನೆಲ್ಲ ಆವಿಮಾಡಲು ಸಾಕಾದಷ್ಟು ಗಾಳಿ ದೊರೆತ ಮೇಲೆ, ಅದಕ್ಕಿಂತ ಹೆಚ್ಚಾಗಿ ಬೀಸುವ ಗಾಳಿ ತಂಪನ್ನು ಹೆಚ್ಚಿಸದು; ತನ್ನ ಬಿಸಿಯನ್ನು ಮಾತ್ರ ಮೈಗೆ ಇಳಿಸುವುದು. ಬರಿಯ ತೋಳಿನ ಅಂಗಿಯಲ್ಲಿ ಹೆದ್ದಾರಿಯ ಮೇಲೆ ಓಡುವವನು ತಂಪಾಗಿರುವೆನೆಂದು ಭ್ರಮಿಸುತ್ತಾನೆ. ವಾಸ್ತವವಾಗಿ ಅವನು ಕುಲುಮೆಯ ತಿದಿಗೆ ಮೈಯೊಡ್ಡಿರುತ್ತಾನೆ. ಇಲ್ಲಿ ಪೂರ್ತಿ ಜಾಲರಿಗಿಂತ, ಬೇಕಾದಷ್ಟೇ ತೆರೆದು ಮುಚ್ಚಬಹುದಾದ ಗಾಳಿಗಂಡಿಗಳುಳ್ಳ ಗಟ್ಟಿ ಬಟ್ಟೆಯ ಜಾಕೆಟ್ಟು ಮೇಲು. ಒಳಗೆ ಹತ್ತಿಯ ಬನಿಯನ್ನನ್ನು ನೀರಿನಲ್ಲಿ ಅದ್ದಿ, ಹಿಂಡಿ, ತೊಟ್ಟುಕೊಂಡರೆ ಬೆವರಿನ ಕೆಲಸದಲ್ಲಿ ಪಾಲನ್ನು ಆ ನೀರೇ ಹೊರುವುದು. ಗಂಡಿಗಳನ್ನು ಅರೆತೆರೆದಿಟ್ಟರೆ ತಂಪು ಹೆಚ್ಚು ಹೊತ್ತು ನಿಲ್ಲುತ್ತದೆ. ಆ ಸೀಮೆಯ ರೈತನು ಉರಿಬಿಸಿಲಿನಲ್ಲಿ ತುಂಬುತೋಳಿನ ಅಂಗಿ ತೊಟ್ಟು, ತಲೆಗೆ ರುಮಾಲು ಸುತ್ತಿ ಹೊಲಕ್ಕೆ ಹೋಗುವುದನ್ನು ನಾವು ನೋಡಿಲ್ಲವೆ? ಮೈ ಬಿಚ್ಚುವುದಲ್ಲ, ಮೈ ಮುಚ್ಚುವುದೇ ಅಲ್ಲಿಯ ರೂಢಿ.

ಬಣ್ಣದ ವಿಷಯವನ್ನೂ ಮರೆಯಬಾರದು. ನಡುಹಗಲಿನ ಬಿಸಿಲು ಒಂದು ಚದರ ಮೀಟರಿನ ಮೇಲೆ ಸುಮಾರು 1,000 ವಾಟ್ ಶಕ್ತಿಯನ್ನು ಸುರಿಯುತ್ತದೆ. ಕಪ್ಪು ಬಟ್ಟೆ ಅದರಲ್ಲಿ ಬಹುಪಾಲನ್ನು ಹೀರುವುದು. ಓಡುವಾಗ ಗಾಳಿ ಅದನ್ನು ಒಯ್ದರೂ ನಿಂತಾಗ ಬಿಸಿ ಒಳಗಿಳಿಯುವುದು. ತಿಳಿಬಣ್ಣದ ಜಾಕೆಟ್ಟು ಕಡಿಮೆ ಕಾಯುತ್ತದೆ; ಮುಸ್ಸಂಜೆಯಲ್ಲಿ ಇತರರ ಕಣ್ಣಿಗೆ ಸುಲಭವಾಗಿ ಬೀಳುತ್ತದೆಂಬುದು ಇನ್ನೊಂದು ಲಾಭ.

ಇನ್ನು ಅಂಗಡಿಯಲ್ಲಿ ನೋಡಬೇಕಾದ ಅಂಶಗಳು. ಜಾಲರಿ ಬಟ್ಟೆಯಲ್ಲಿ ದಾರಕ್ಕಿಂತ ತೂತೇ ಹೆಚ್ಚು. ಸವೆತಕ್ಕೆ ಅದು ಸುಲಭವಾಗಿ ಸೋಲುವುದು. ಪಾಲಿಯೆಸ್ಟರ್ ದಾರವು ಸುಮಾರು 260 ಡಿಗ್ರಿಯಲ್ಲಿ ಕರಗಿಯೂ ಹೋಗುತ್ತದೆ. ಆದುದರಿಂದ ನೆಲಕ್ಕೆ ಮೊದಲು ತಾಗುವ ಭುಜ, ಮೊಣಕೈಗಳ ಮೇಲೆ ದಟ್ಟವಾದ ನೈಲಾನ್ ಬಟ್ಟೆಯೋ ಚರ್ಮವೋ ಇರಲೇಬೇಕು. ಹೊಲಿಗೆಗಳು ಒಂದೇ ಸಾಲಾಗಿರದೆ ಎರಡು ಮೂರು ಸಾಲಾಗಿರಬೇಕು. ಬಟ್ಟೆ ಎಷ್ಟೇ ಗಟ್ಟಿಯಾದರೂ ಹೊಲಿಗೆ ಬಿಚ್ಚಿಕೊಂಡರೆ ಪ್ರಯೋಜನವಿಲ್ಲ.

ಭುಜ, ಮೊಣಕೈ, ಬೆನ್ನುಗಳಲ್ಲಿ ಪೆಟ್ಟನ್ನು ತಡೆಯುವ ಮೆತ್ತೆಗಳಿರುತ್ತವೆ. ಇವುಗಳಿಗೆ ಯೂರೋಪಿನಲ್ಲಿ ಇಎನ್ 1621 ಎಂಬ ಮಾನಕವಿದೆ. 5 ಕಿಲೋಗ್ರಾಂ ತೂಕವನ್ನು ಒಂದು ಮೀಟರ್ ಎತ್ತರದಿಂದ ಬೀಳಿಸಿದಷ್ಟು, ಎಂದರೆ 50 ಜೂಲ್‌ನಷ್ಟು ಪೆಟ್ಟನ್ನು ಕೊಟ್ಟು, ಕೆಳಗೆ ಹಾಯುವ ಬಲವನ್ನು ಅಳೆಯುತ್ತಾರೆ. ಭುಜ, ಮೊಣಕೈಗಳ ಮೆತ್ತೆಯಲ್ಲಿ ಅದರ ಸರಾಸರಿ 35 ಕಿಲೋನ್ಯೂಟನ್ ಮೀರದಿದ್ದರೆ ಮೊದಲನೆಯ ಮಟ್ಟ; 20 ಮೀರದಿದ್ದರೆ ಎರಡನೆಯ, ಮೇಲಾದ ಮಟ್ಟ. ಬೆನ್ನಿನಲ್ಲಿ ಎಷ್ಟೋ ವೇಳೆ ನಿಜವಾದ ಮೆತ್ತೆಗೆ ಬದಲಾಗಿ ಬರಿಯ ಸ್ಪಂಜಿನ ಹಾಳೆ ಇರುವುದುಂಟು, ಹೊರಗೆಳೆದು ನೋಡಬೇಕು.

ಜಾಕೆಟ್ಟಿಗೇ 2020ರಲ್ಲಿ ಇಎನ್ 17092 ಎಂಬ ಬೇರೆ ಮಾನಕ ಬಂದಿತು. ಅದರಲ್ಲಿ ಎಎಎ ಅತ್ಯುನ್ನತ ದರ್ಜೆ. ಬಳಿಕ ಎಎ, ಎ. ಬಿ ದರ್ಜೆಯಲ್ಲಿ ಮೆತ್ತೆಗಳ ನಿಯಮವಿಲ್ಲ; ಸಿ ದರ್ಜೆಯು ಮೆತ್ತೆಗಳನ್ನು ಹಿಡಿದಿಡುವ ಉಡುಪಿಗೆ ಮಾತ್ರ. ಜಾಲರಿ ಜಾಕೆಟ್ಟುಗಳು ಹೆಚ್ಚಾಗಿ ಎ ದರ್ಜೆಯಲ್ಲಿರುತ್ತವೆ. ಎಎ ದೊರೆತರೆ ಅದೇ ಮೇಲು. ಗಮನಿಸತಕ್ಕ ಸಂಗತಿಯೆಂದರೆ, ಕೆಲವು ಜಾಕೆಟ್ಟುಗಳಲ್ಲಿ ಸಿಇ ಎಂಬ ಗುರುತು ಒಳಗಿನ ಮೆತ್ತೆಯ ಮೇಲೆ ಮಾತ್ರ ಇರುತ್ತದೆ. ಅದು ಮೆತ್ತೆಯ ಯೋಗ್ಯತಾಪತ್ರವೇ ಹೊರತು ಬಟ್ಟೆಯದಲ್ಲ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ 2018ರಲ್ಲಿ ಆರಂಭವಾದ ಮೋಟೋಕ್ಯಾಪ್ ಎಂಬ ಯೋಜನೆಯು ರಕ್ಷಣೆಗೆ ಬೇರೆ, ಸೆಕೆಯಲ್ಲಿನ ಹಿತಕ್ಕೆ ಬೇರೆ ಅಂಕಗಳನ್ನು ಕೊಡುತ್ತದೆ. ಎರಡನ್ನೂ ಒಟ್ಟಿಗೆ ತೂಗಬೇಕೆಂಬುದೇ ಇದರ ಅರ್ಥ.

ಕೊನೆಯದಾಗಿ ಕೆಲವು ಸರಳ ಪರೀಕ್ಷೆಗಳು. ಬಟ್ಟೆಯನ್ನು ಬಾಯಿಗೆ ಹಿಡಿದು ಊದಿ. ಆಚೆ ಬದಿಯ ಅಂಗೈಗೆ ಉಸಿರು ತಾಗಿದರೆ ಗಾಳಿ ಹಾಯುವುದೆಂದು ತಿಳಿಯಿರಿ. ಮಳೆನೀರು ತಡೆಯುವ ಒಳಪದರವಿದ್ದರೆ ಅದು ಬಿಚ್ಚಿ ತೆಗೆಯುವಂತಿರಬೇಕು. ಇಲ್ಲವಾದರೆ ಬೇಸಗೆಯಲ್ಲಿ ಅದು ಬೆವರನ್ನೂ ತಡೆಯುವುದು. ಜಾಕೆಟ್ಟನ್ನು ತೊಟ್ಟು, ಗಾಡಿಯ ಮೇಲೆ ಕುಳಿತಂತೆ ಕೈ ಚಾಚಿ, ಮೊಣಕೈಯ ಮೆತ್ತೆಯನ್ನು ತಿರುಗಿಸಲು ಯತ್ನಿಸಿ. ಅದು ಸುಲಭವಾಗಿ ಪಕ್ಕಕ್ಕೆ ಸರಿದರೆ ಬಿದ್ದಾಗಲೂ ಸರಿಯುವುದು. ಸೆಕೆಯೆಂದು ದೊಗಳೆ ಅಳತೆಯನ್ನು ಆರಿಸುವುದು ಈ ಕಾರಣದಿಂದ ತಪ್ಪು.

ದಾರಿಯಲ್ಲಿ ನೀರನ್ನೋ ಉಪ್ಪು ಬೆರೆಸಿದ ಮಜ್ಜಿಗೆಯನ್ನೋ ಕುಡಿಯುತ್ತಿರಬೇಕು; ಒಳಗೆ ನೀರಿಲ್ಲದೆ ಬೆವರಿಲ್ಲ. ತಲೆ ತಿರುಗಿದರೆ, ಮನಸ್ಸು ಮಂಕಾದರೆ ತಡಮಾಡದೆ ನೆರಳಿನಲ್ಲಿ ನಿಲ್ಲಬೇಕು. ಎಎಎ ದರ್ಜೆಯ ಜಾಕೆಟ್ಟು ಮನೆಯ ಗೂಟಕ್ಕೆ ತೂಗುಬಿದ್ದಿದ್ದರೆ, ಮೈಮೇಲಿರುವ ಎ ದರ್ಜೆಯದೇ ಅದಕ್ಕಿಂತ ಉತ್ತಮ. ಆದುದರಿಂದ ಕೊಳ್ಳುವ ಮುನ್ನ, ಇದನ್ನು ನಮ್ಮೂರಿನ ಮೇ ತಿಂಗಳ ಮಧ್ಯಾಹ್ನದಲ್ಲಿ ಹೊರಟಲ್ಲಿಂದ ತಲಪುವ ತನಕ ತೊಟ್ಟಿರಬಲ್ಲೆನೆ ಎಂದು ಕೇಳಿಕೊಳ್ಳುವುದು ಒಳ್ಳೆಯದು.