ಹಳೆಯ ಲೂನಾವೂ ಅದರ ಎಫ್‌ಸಿಯೂ

ಐವತ್ತು ಸಿ.ಸಿ.ಯನ್ನು ಮೀರದ ಒಂದು ಪುಟ್ಟ ಎಂಜಿನ್ನು, ಅದು ಕೈಕೊಟ್ಟ ದಿನ ತುಳಿದುಕೊಂಡಾದರೂ ಮನೆ ಸೇರಲು ಒಂದು ಜೊತೆ ಪೆಡಲು, ಇಷ್ಟೇ ಬಂಡವಾಳದೊಡನೆ 1972ರಲ್ಲಿ ಪುಣೆಯ ಕೈನೆಟಿಕ್ ಎಂಜಿನಿಯರಿಂಗ್ ಸಂಸ್ಥೆಯಿಂದ ಹೊರಬಂದ ಲೂನಾ, ಸ್ಕೂಟರಿಗೆ ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಾಗಿದ್ದ ಆ ಕಾಲದಲ್ಲಿ, ಮಿತವಾದ ವರಮಾನದ ಅನೇಕ ಕುಟುಂಬಗಳಿಗೆ ದೊರೆತ ಮೊದಲನೆಯ ಯಂತ್ರವಾಹನವಾಯಿತು. ಅದಕ್ಕೂ ಹಿಂದೆ ತಿರುಪತಿಯ ಕಾರ್ಖಾನೆಯಿಂದ ಸುವೇಗಾ ಬಂದಿದ್ದಿತು. 1980ರಲ್ಲಿ ಹೊಸೂರಿನಿಂದ ಇಬ್ಬರು ಕೂಡಬಹುದಾದ ಟಿವಿಎಸ್ 50 ಬಂದಿತು. ಇವುಗಳಲ್ಲಿ ಅಳಿದುಳಿದವು ಇಂದಿಗೂ ನಮ್ಮ ಹಿತ್ತಿಲ ಕೊಟ್ಟಿಗೆಗಳಲ್ಲಿ ಧೂಳು ಹೊದ್ದು ನಿಂತಿವೆ. ಅಜ್ಜನ ಮೊಪೆಡ್ಡನ್ನು ಮರಳಿ ರಸ್ತೆಗೆ ತರಬೇಕೆಂದು ಮೊಮ್ಮಕ್ಕಳು ಆಸೆಪಡುತ್ತಿರುವುದು ನಿಜಕ್ಕೂ ಸಂತೋಷದ ಸಂಗತಿ.

ಆದರೆ ಆಸೆಗೆ ಕಾನೂನಿನ ಅನುಮತಿಯೂ ಬೇಕು. 1988ರ ಮೋಟಾರು ವಾಹನ ಅಧಿನಿಯಮದ ಪ್ರಕಾರ ಸ್ವಂತ ಬಳಕೆಯ ವಾಹನದ ನೋಂದಣಿ 15 ವರ್ಷಗಳಿಗೆ ಮಾತ್ರ ಊರ್ಜಿತ; ತದನಂತರ ಐದೈದು ವರ್ಷಕ್ಕೊಮ್ಮೆ ಅದನ್ನು ನವೀಕರಿಸಿಕೊಳ್ಳತಕ್ಕದ್ದು. ಜನ ಇದನ್ನೇ ‘ಎಫ್‌ಸಿ ಮಾಡಿಸುವುದು’ ಎನ್ನುತ್ತಾರೆ. ನಮೂನೆ 25ರಲ್ಲಿ ಅರ್ಜಿ ಹಾಕಿ, ಊರ್ಜಿತವಾದ ವಿಮೆಯನ್ನೂ ಹೊಗೆ ಪರೀಕ್ಷೆಯ ಪ್ರಮಾಣಪತ್ರವನ್ನೂ ಜೊತೆಗಿರಿಸಿಕೊಂಡು, ಗಾಡಿಯನ್ನು ಮೋಟಾರು ವಾಹನ ನಿರೀಕ್ಷಕರ ಮುಂದೆ ನಿಲ್ಲಿಸಬೇಕು.

ಈ ಸಿದ್ಧತೆಯಲ್ಲಿ ಬಹುಮಂದಿ ಮೊದಲು ಮಾಡುವ ಕಾರ್ಯವೆಂದರೆ ಬಣ್ಣ ಹೊಡೆಸುವುದು. ನನ್ನ ಅಭಿಪ್ರಾಯದಲ್ಲಿ ಅದು ಕಟ್ಟಕಡೆಗೆ ಬರಬೇಕಾದ ಕಾರ್ಯ. ನಿರೀಕ್ಷಕರು ಮೊಟ್ಟಮೊದಲು ಕೇಳುವುದು ಗಾಡಿಯ ಗುರುತನ್ನು. ಚಾಸಿಸ್ಸಿನ ಮೇಲೂ ಎಂಜಿನ್ನಿನ ಮೇಲೂ ಅಚ್ಚೊತ್ತಿದ ಸಂಖ್ಯೆಗಳು ಆರ್.ಸಿ. ಪುಸ್ತಕದೊಡನೆ ಅಕ್ಷರಶಃ ತಾಳೆಯಾಗಬೇಕು. ದಪ್ಪನಾದ ಬಣ್ಣದ ಪದರದ ಕೆಳಗೆ ಆ ಅಂಕಿಗಳು ಹೂತುಹೋದರೆ, ಕಾಗದವಿಟ್ಟು ಪೆನ್ಸಿಲ್ ಉಜ್ಜಿದರೂ ಗುರುತು ಮೂಡದೆ, ನಿರ್ದೋಷಿಯಾದ ಗಾಡಿಯೂ ಸಂದೇಹಕ್ಕೆ ಗುರಿಯಾಗುತ್ತದೆ. ಸೀಮೆಎಣ್ಣೆಯಲ್ಲಿ ನೆನೆಸಿದ ಬಟ್ಟೆಯಿಂದ ಮೃದುವಾಗಿ ಒರೆಸಿ ಅಂಕಿಗಳನ್ನು ಬಿಡಿಸಿಕೊಳ್ಳಬೇಕೇ ಹೊರತು ಅರ ಹಾಕಿ ಉಜ್ಜಲೇಕೂಡದು. ಬಣ್ಣದಿಂದ ಇನ್ನೊಂದು ತೊಂದರೆಯೂ ಉಂಟು. ಈ ಗಾಡಿಗಳ ದೀಪಕ್ಕೆ ಹೋದ ವಿದ್ಯುತ್ತು ಮರಳಿ ಬರುವುದು ಚೌಕಟ್ಟಿನ ಲೋಹದ ಮೂಲಕ. ಅರ್ತಿಂಗಿನ ತಂತಿ ಕೂಡುವ ಸ್ಥಳದಲ್ಲಿ ಬಣ್ಣ ಕುಳಿತರೆ, ಬಲ್ಬು ಹೊಸದಾಗಿದ್ದರೂ ದೀಪ ಹತ್ತದು.

ಗುರುತಿನ ಅನಂತರ ಬ್ರೇಕು. ಗಾಲಿಗಳನ್ನು ಬಿಚ್ಚಿ ಡ್ರಮ್ಮಿನೊಳಗಿನ ಬ್ರೇಕ್ ಶೂಗಳನ್ನು ಕಣ್ಣಾರೆ ನೋಡಬೇಕು. ವರ್ಷಾನುಗಟ್ಟಲೆ ನಿಂತ ಗಾಡಿಯಲ್ಲಿ ಅವು ಸವೆದಿರದಿದ್ದರೂ ಮೇಲ್ಮೈ ಗಾಜಿನಂತೆ ನುಣುಪಾಗಿ, ಹಿಡಿತವನ್ನೇ ಕಳೆದುಕೊಂಡಿರುವುದುಂಟು. ಕೇಬಲ್ಲುಗಳನ್ನು ಮಾತ್ರ ಪರೀಕ್ಷಿಸುವ ಗೋಜಿಗೂ ಹೋಗದೆ ಹೊಸದಾಗಿ ಹಾಕಿಸುವುದೇ ಕ್ಷೇಮ. ಒಳಗೆ ತುಕ್ಕು ಹಿಡಿದ ತಂತಿ ಹೊರಗಿನಿಂದ ಕಾಣಿಸುವುದಿಲ್ಲ. ಮುಂದಿನ ಗಾಲಿಯನ್ನು ನೆಲದಿಂದೆತ್ತಿ ಹಿಂದುಮುಂದಕ್ಕೆ ಅಲುಗಿಸಿದಾಗ ಹ್ಯಾಂಡಲ್ಲಿನ ಬುಡದಲ್ಲಿ ಕಟಕಟ ಸದ್ದಾದರೆ ಬಾಲ್‌ರೇಸು ಸವೆದಿದೆಯೆಂದು ತಿಳಿಯತಕ್ಕದ್ದು. ಟೈರಿನ ಪಕ್ಕದಲ್ಲಿ ಬಿರುಕುಗಳಿದ್ದರೆ, ಮೇಲಿನ ಅಚ್ಚು ಎಷ್ಟೇ ಆಳವಾಗಿರಲಿ, ಆ ಟೈರು ತ್ಯಾಜ್ಯ.

ಎಂಜಿನ್ನಿನ ವಿಷಯ ಸ್ವಲ್ಪ ವಿಸ್ತಾರವಾಗಿ ಹೇಳತಕ್ಕದ್ದು. ಟು-ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲಿನೊಡನೆ ಬೆರೆತ ಎಣ್ಣೆಯೇ ಒಳಭಾಗಗಳಿಗೆ ಜಾರುಗುಣವನ್ನು ಕೊಟ್ಟು, ಆಮೇಲೆ ತಾನೂ ಅರೆಬರೆ ಉರಿದು, ಹೊಗೆಯ ದಾರಿಯಲ್ಲಿಯೂ ಸೈಲೆನ್ಸರಿನೊಳಗೂ ಕರಿಯಾಗಿ ಹೆಪ್ಪುಗಟ್ಟುತ್ತದೆ. ಆ ದಾರಿ ಕಿರಿದಾದಂತೆ ಸುಟ್ಟ ಅನಿಲ ಹೊರಹೋಗಲಾರದೆ ಒಳಗೇ ಉಳಿದು, ಬರತಕ್ಕ ಹೊಸ ಮಿಶ್ರಣವನ್ನು ಕೆಡಿಸುವುದರಿಂದ, ಗಾಡಿ ಸಣ್ಣ ಏರನ್ನೂ ಹತ್ತಲು ತಿಣುಕುತ್ತದೆ; ಪಿಸ್ಟನ್ ಹೋಯಿತೆಂದು ಮಾಲೀಕರು ಹೌಹಾರುತ್ತಾರೆ. ಹೆಡ್ಡನ್ನೂ ಸೈಲೆನ್ಸರನ್ನೂ ಬಿಚ್ಚಿ, ಲೋಹಕ್ಕೆ ಗೀರು ಬೀಳದಂತೆ ಮರದ ಚಕ್ಕೆಯಿಂದ ಆ ಕರಿಯನ್ನು ಕೆರೆದು ತೆಗೆದರೆ ಎಷ್ಟೋ ಎಂಜಿನ್ನುಗಳು ಬೇರಾವ ಖರ್ಚೂ ಇಲ್ಲದೆ ಚೇತರಿಸಿಕೊಳ್ಳುತ್ತವೆ. ಟ್ಯಾಂಕಿನಲ್ಲಿ ಉಳಿದ ಹಳೆಯ ಪೆಟ್ರೋಲನ್ನು ಪೂರ್ತಿಯಾಗಿ ಚೆಲ್ಲಿ, ಕಾರ್ಬುರೇಟರಿನ ಜೆಟ್ಟನ್ನು ಶುಚಿಮಾಡಬೇಕು. ಇಂದಿನ ಪೆಟ್ರೋಲಿನಲ್ಲಿರುವ ಎಥನಾಲು ನೀರನ್ನು ಹೀರಿಕೊಳ್ಳುವ ಸ್ವಭಾವದ್ದಾಗಿ, ಹಳೆಯ ರಬ್ಬರನ್ನೂ ಕೆಡಿಸುವುದರಿಂದ, ಪೆಟ್ರೋಲ್ ಪೈಪನ್ನು ಬದಲಾಯಿಸುವುದು ಒಳ್ಳೆಯದು. ಎಣ್ಣೆಯನ್ನು ಕೈಪಿಡಿ ಹೇಳಿದಷ್ಟೇ, ಅಳತೆಯ ಪಾತ್ರೆಯಿಂದಲೇ ಬೆರೆಸಬೇಕು. ಶೇಕಡ 4 ಎಂದರೆ ಲೀಟರಿಗೆ 40 ಮಿ.ಲೀ. ಕಡಮೆಯಾದರೆ ಪಿಸ್ಟನ್ ಕಚ್ಚಿಕೊಳ್ಳುವುದು, ಹೆಚ್ಚಾದರೆ ಹೊಗೆ. ಪ್ಲಗ್ಗಿನ ತುದಿ ಕಂದುಬಣ್ಣಕ್ಕಿದ್ದರೆ ಮಿಶ್ರಣ ಹದವಾಗಿದೆ. ಕಪ್ಪಾಗಿ ಒದ್ದೆಯಾಗಿದ್ದರೆ ಎಣ್ಣೆಯೋ ಪೆಟ್ರೋಲೋ ಅತಿಯಾಗಿದೆ.

2000ದ ಮಾರ್ಚ್ 31ರೊಳಗೆ ತಯಾರಾದ ದ್ವಿಚಕ್ರ ವಾಹನಗಳ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಶೇಕಡ 4.5ನ್ನೂ ಹೈಡ್ರೋಕಾರ್ಬನ್ನು 9000 ಪಿಪಿಎಂ ಪ್ರಮಾಣವನ್ನೂ ಮೀರಕೂಡದು. ಹೊಸ ಗಾಡಿಗಳಿಗಿರುವುದಕ್ಕಿಂತ ಇದು ಉದಾರವಾದ ಮಿತಿ. ಸುಸ್ಥಿತಿಯಲ್ಲಿಟ್ಟ ಲೂನಾ ಇದನ್ನು ದಾಟಬೇಕಾದ ಕಾರಣವಿಲ್ಲ. ಪರೀಕ್ಷೆಗೆ ಮುನ್ನ ಸ್ವಲ್ಪ ದೂರ ಓಡಿಸಿ ಎಂಜಿನ್ನನ್ನು ಬಿಸಿಮಾಡಿಕೊಂಡು ಹೋಗುವುದು ವಿವೇಕ.

ನೋಂದಣಿಯಾಗಿ ಐವತ್ತು ವರ್ಷ ಮೀರಿದ, ಮೂಲರೂಪದಲ್ಲಿಯೇ ಉಳಿದ ವಾಹನಗಳಿಗೆ 2021ರ ನಿಯಮಗಳು ‘ವಿಂಟೇಜ್’ ಎಂಬ ಪ್ರತ್ಯೇಕ ನೋಂದಣಿಯನ್ನು ಕಲ್ಪಿಸಿವೆ. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, 10 ವರ್ಷ ಊರ್ಜಿತ, ಸಂಖ್ಯಾಫಲಕದಲ್ಲಿ ‘ವಿಎ’ ಎಂಬ ಅಕ್ಷರಗಳು. ಆದರೆ ಪ್ರದರ್ಶನ, ರ್‍ಯಾಲಿ, ತಾಂತ್ರಿಕ ಸಂಶೋಧನೆ, ಇಂಧನ ತುಂಬಿಸುವುದು, ದುರಸ್ತಿ ಇತ್ಯಾದಿ ಕಾರಣಗಳಿಗಲ್ಲದೆ ಅಂಥ ಗಾಡಿಯನ್ನು ರಸ್ತೆಗೆ ತರುವಂತಿಲ್ಲ. ಬೆಳಗಿನ ತರಕಾರಿಗೋ ದೇವಸ್ಥಾನಕ್ಕೋ ಅಜ್ಜನ ಗಾಡಿಯಲ್ಲೇ ಹೋಗಬೇಕೆಂಬವರು ಸಾಮಾನ್ಯ ನವೀಕರಣವನ್ನೇ ಆರಿಸಿಕೊಳ್ಳಲಿ. ಅವಧಿ ಮುಗಿಯುವುದಕ್ಕೆ 60 ದಿನ ಮುಂಚಿನಿಂದ ಅರ್ಜಿ ಹಾಕಲು ಅವಕಾಶವುಂಟು; ಆದುದರಿಂದ ಸ್ಪ್ಯಾನರ್ ಹಿಡಿಯುವ ಮೊದಲು ಆರ್.ಸಿ. ಪುಸ್ತಕವನ್ನು ತೆರೆದು ದಿನಾಂಕವನ್ನು ದಯವಿಟ್ಟು ನೋಡಿಕೊಳ್ಳಿ.