ಗಿಟಾರಿನ ಬಾರ್ ಕಾರ್ಡ್: ಬೆರಳಿಗೆ ಬೇಕಾದ ಬಲವೆಷ್ಟು?

ಗಿಟಾರನ್ನು ಕಲಿಯತೊಡಗಿದ ತರುಣರ ಮೊದಲ ಕೆಲವು ವಾರಗಳು ಸಾಮಾನ್ಯವಾಗಿ ಉಲ್ಲಾಸದಿಂದಲೇ ಕಳೆಯುತ್ತವೆ. ಎರಡು ಮೂರು ಬೆರಳುಗಳನ್ನು ಹೇಳಿದ ಸ್ಥಾನಗಳಲ್ಲಿ ಒತ್ತಿ, ಬಲಗೈಯಿಂದ ತಂತಿಗಳನ್ನು ಒಮ್ಮೆಲೆ ಮೀಟಿದರೆ ತುಂಬು ನಾದವೊಂದು ಹೊರಡುತ್ತದೆ. ಹೀಗೆ ಹಲವು ಸ್ವರಗಳು ಕೂಡಿ ನುಡಿಯುವ ಗುಚ್ಛಕ್ಕೆ ‘ಕಾರ್ಡ್’ ಎಂದು ಹೆಸರು. ಇಂತಹ ಐದಾರು ಕಾರ್ಡುಗಳು ಕೈಗೆ ಬಂದರೆ ಎಷ್ಟೋ ಹಾಡುಗಳಿಗೆ ಹಿಮ್ಮೇಳ ಒದಗಿಸಬಹುದು. ಅಷ್ಟರಲ್ಲಿ ಪಾಠದ ಪುಸ್ತಕದಲ್ಲಿ ‘ಎಫ್’ ಎಂಬ ಕಾರ್ಡು ಎದುರಾಗುತ್ತದೆ. ತೋರುಬೆರಳನ್ನು ಕೋಲಿನಂತೆ ಚಾಚಿ ಆರು ತಂತಿಗಳ ಮೇಲೂ ಅಡ್ಡಲಾಗಿ ಒತ್ತಬೇಕು. ಅದೇ ವೇಳೆಗೆ ಉಳಿದ ಮೂರು ಬೆರಳುಗಳು ತಮ್ಮ ತಮ್ಮ ತಂತಿಗಳನ್ನು ಹಿಡಿಯಬೇಕು. ಮೀಟಿದರೆ ಎರಡು ತಂತಿಗಳು ನುಡಿಯುತ್ತವೆ, ಎರಡು ‘ಝರ್’ ಎನ್ನುತ್ತವೆ, ಉಳಿದೆರಡು ಹಲಗೆಯನ್ನು ತಟ್ಟಿದಂತೆ ‘ಟಕ್’ ಎಂದು ಸುಮ್ಮನಾಗುತ್ತವೆ.

ಇದೇ ‘ಬಾರ್ ಕಾರ್ಡ್’. ಇಲ್ಲಿಗೆ ಬಂದು ಸೋತು, ಗಿಟಾರನ್ನು ಅಟ್ಟಕ್ಕೇರಿಸಿದ ವಿದ್ಯಾರ್ಥಿಗಳು ನಮ್ಮ ಕಾಲೇಜಿನಲ್ಲಿಯೇ ಕೆಲವರಿದ್ದಾರೆ. ಅವರು ಕೊಡುವ ಕಾರಣ ಬಹುಮಟ್ಟಿಗೆ ಒಂದೇ: “ಸಾರ್, ನನ್ನ ಬೆರಳಿಗೆ ಅಷ್ಟು ಶಕ್ತಿ ಇಲ್ಲ.” ಈ ಮಾತು ನಿಜವೇ? ಶಕ್ತಿ ಎಂಬುದು ಅಳೆಯಬಹುದಾದ ಸಂಗತಿಯಾದುದರಿಂದ ಊಹೆಗೆ ಬಿಡದೆ ಲೆಕ್ಕ ಹಾಕಿಯೇ ನೋಡೋಣ.

ಮೊದಲು ವಾದ್ಯದ ರಚನೆಯನ್ನು ತುಸು ಗಮನಿಸಬೇಕು. ಗಿಟಾರಿನ ತಂತಿ ಎರಡು ಆಧಾರಗಳ ನಡುವೆ ಬಿಗಿದಿರುತ್ತದೆ. ತಲೆಯ ಬಳಿ ಇರುವ ಸಣ್ಣ ಪಟ್ಟಿಯನ್ನು ‘ನಟ್’ ಎನ್ನುವರು. ಒಡಲಿನ ಮೇಲಿರುವುದು ‘ಬ್ರಿಡ್ಜ್’, ನಮ್ಮ ವೀಣೆಯವರ ಮಾತಿನಲ್ಲಿ ಕುದುರೆ. ನೈಲಾನ್ ತಂತಿಯ ಗಿಟಾರಿನಲ್ಲಿ ಇವೆರಡರ ನಡುವಣ ದೂರ ಸುಮಾರು 650 ಮಿ.ಮೀ. ಕತ್ತಿನ ಉದ್ದಕ್ಕೂ ಅಡ್ಡಲಾಗಿ ಕೂರಿಸಿದ ಲೋಹದ ಸರಳುಗಳೇ ‘ಫ್ರೆಟ್’ಗಳು, ಅರ್ಥಾತ್ ಮೆಟ್ಟಿಲುಗಳು. ತಂತಿಗಳನ್ನು ಎಣಿಸುವಾಗ ಅತಿ ತೆಳ್ಳನೆಯದು ಒಂದನೆಯದು, ಅತಿ ದಪ್ಪನೆಯದು ಆರನೆಯದು.

ಎಫ್ ಕಾರ್ಡಿನಲ್ಲಿ ಆರನೆಯ ತಂತಿಯಿಂದ ಒಂದನೆಯದರವರೆಗೆ ಬರುವ ಸ್ವರಗಳು ಎಫ್, ಸಿ, ಎಫ್, ಎ, ಸಿ, ಎಫ್. ಎಫ್ ಸ್ವರವನ್ನು ಷಡ್ಜವೆಂದು ಹಿಡಿದರೆ ಇದು ಸ-ಪ-ಸ-ಗ-ಪ-ಸ, ಗಾಂಧಾರವು ಅಂತರ ಗಾಂಧಾರ. ಕಲಿಯುವವರು ಮೊದಲ ವಾರದಲ್ಲಿಯೇ ಅಭ್ಯಾಸ ಮಾಡಿದ ‘ಇ’ ಕಾರ್ಡಿನಲ್ಲಿಯೂ ಇದೇ ಸ-ಪ-ಸ-ಗ-ಪ-ಸ ಇದೆಯೆಂಬುದನ್ನು ಬಹುಮಂದಿ ಗಮನಿಸುವುದಿಲ್ಲ. ಅಲ್ಲಿ ತಂತಿಗಳಿಗೆ ಆಧಾರವಾಗಿದ್ದುದು ನಟ್, ಇಲ್ಲಿ ತೋರುಬೆರಳು. ಬಾರ್ ಹಿಡಿದ ಬೆರಳೆಂದರೆ ಚಲಿಸಬಲ್ಲ ನಟ್ ಎಂದರೆ ತಪ್ಪಾಗಲಾರದು. ಕೈಯ ಆಕಾರವನ್ನು ಕೆಡಿಸದೆ ಮೂರನೆಯ ಮೆಟ್ಟಿಲಿಗೆ ಜಾರಿಸಿದರೆ ‘ಜಿ’ ಕಾರ್ಡು, ಐದಕ್ಕೆ ಜಾರಿಸಿದರೆ ‘ಎ’ ಕಾರ್ಡು. ಹಾಡುವವರ ಕಂಠಕ್ಕೆ ತಕ್ಕಂತೆ ಶ್ರುತಿಯನ್ನು ಏರಿಸಿ ಇಳಿಸಿದಂತೆಯೇ ಸರಿ. ಒಂದು ಆಕಾರವನ್ನು ಕಲಿತವನಿಗೆ ಹನ್ನೆರಡು ಕಾರ್ಡುಗಳು ದೊರೆಯುವುದರಿಂದಲೇ ಈ ಕಷ್ಟವನ್ನು ಪಡಲು ಅರ್ಥವಿದೆ.

ಆದರೆ ಆಕಾರ ಕೆಡದೆ ಜಾರುವುದು ಸಾಧ್ಯವಾದುದು ಹೇಗೆ? ನೇರವಾದ ಒಂದೇ ಮೆಟ್ಟಿಲು ಆರು ತಂತಿಗಳಿಗೂ ಸಮನಾಗಿ ಹೊಂದಬೇಕಾದರೆ, ಪ್ರತಿಯೊಂದು ಮೆಟ್ಟಿಲೂ ತಂತಿಯ ಉದ್ದವನ್ನು ಒಂದೇ ಪ್ರಮಾಣದಲ್ಲಿ ಕುಗ್ಗಿಸಬೇಕು. ಹನ್ನೆರಡು ಮೆಟ್ಟಿಲು ಏರಿದಾಗ ತಂತಿ ಅರ್ಧವಾಗಿ, ಸ್ವರವು ತಾರಸ್ಥಾಯಿಯ ಷಡ್ಜವನ್ನು ಮುಟ್ಟಬೇಕು. ಆದುದರಿಂದ ಆ ಪ್ರಮಾಣವು 2ರ ಹನ್ನೆರಡನೆಯ ಮೂಲ, ಅಂದರೆ ಸುಮಾರು 1.0595. ಈ ಸಂಖ್ಯೆ ಬಳಕೆಗೆ ಬರುವ ಮೊದಲೇ ಇಟಲಿಯ ವಿಂಚೆಂಜೊ ಗೆಲಿಲೇಯಿ ಎಂಬ ಸಂಗೀತಗಾರನು 1581ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ 18:17 ಎಂಬ ಸುಲಭ ಪ್ರಮಾಣವನ್ನು ಸೂಚಿಸಿದ್ದನು. ಈತನು ವಿಖ್ಯಾತ ವಿಜ್ಞಾನಿ ಗೆಲಿಲಿಯೊನ ತಂದೆ. ಲ್ಯೂಟ್ ಎಂಬ ತಂತಿವಾದ್ಯದಲ್ಲಿ ನಿಪುಣ. ಆ ವಾದ್ಯದ ಮೆಟ್ಟಿಲುಗಳು ಕತ್ತಿನ ಸುತ್ತ ಕಟ್ಟಿದ ಕರುಳಿನ ತಂತುಗಳಾಗಿದ್ದುದರಿಂದ ಅವು ಎಲ್ಲ ತಂತಿಗಳಿಗೂ ನೇರವಾಗಿಯೇ ಹಾಯುತ್ತಿದ್ದವು; ಸಮಪ್ರಮಾಣದ ಅಗತ್ಯ ಲ್ಯೂಟ್ ವಾದಕರಿಗೆ ಬೇಗ ತಿಳಿದುದರಲ್ಲಿ ಆಶ್ಚರ್ಯವಿಲ್ಲ. ಅವನ ನಿಯಮದಂತೆ 650 ಮಿ.ಮೀ. ತಂತಿಯನ್ನು ಹನ್ನೆರಡು ಬಾರಿ ಕುಗ್ಗಿಸಿದರೆ 327.4 ಮಿ.ಮೀ. ಉಳಿಯುತ್ತದೆ, ಇರಬೇಕಾದುದು 325. ಗುಣಿಸಿ ಭಾಗಿಸಿ ಪಡೆದ ಈ ಫಲಿತಾಂಶ ಕುಶಲಕರ್ಮಿಗಳಿಗೆ ಎಷ್ಟು ಅನುಕೂಲವಾಗಿದ್ದಿರಬೇಕೆಂಬುದನ್ನು ವಾಚಕರೇ ಊಹಿಸಬಹುದು. ನಮ್ಮ ವೀಣೆಯಲ್ಲಿಯೂ ಮೇಣದ ಮೇಲೆ ಕೂರಿಸಿದ 24 ಮೆಟ್ಟಿಲುಗಳಿವೆಯಾದರೂ, ಅಲ್ಲಿ ರಾಗವು ಒಂದೊಂದೇ ಸ್ವರವಾಗಿ ಸಾಗುವುದರಿಂದ ಅಡ್ಡಬೆರಳಿನ ಈ ಸಾಹಸಕ್ಕೆ ಅವಕಾಶವೇ ಬಂದಿಲ್ಲ. ಸಮಪ್ರಮಾಣಕ್ಕೆ ತೆರಬೇಕಾದ ಬೆಲೆಯೊಂದುಂಟು. ಅದನ್ನು ಕೊನೆಗೆ ನೋಡೋಣ.

ಈಗ ಬಲದ ಲೆಕ್ಕ. ಬಿಗಿದ ತಂತಿಯೊಂದನ್ನು ಬೆರಳಿನಿಂದ ಕೆಳಕ್ಕೆ ಒತ್ತಿದಾಗ ಅದು ಅಗಲವಾದ ‘ವಿ’ ಅಕ್ಷರದಂತೆ ಬಾಗುತ್ತದೆ. ಎರಡು ಕಡೆಯ ಎಳೆತಗಳ ಮೇಲ್ಮುಖ ಭಾಗಗಳು ಸೇರಿ ಬೆರಳನ್ನು ಹಿಂದಕ್ಕೆ ತಳ್ಳುತ್ತವೆ. ಬಲಗಳ ವಿಭಜನೆಯನ್ನು ಕಲಿತವರು ಈ ಸೂತ್ರವನ್ನು ತಾವೇ ಪಡೆಯಬಹುದು:

ಬೇಕಾದ ಬಲ = ಎಳೆತ × ತಗ್ಗಿಸಬೇಕಾದ ಅಂತರ × (1/ನಟ್ ಕಡೆಯ ಉದ್ದ + 1/ಬ್ರಿಡ್ಜ್ ಕಡೆಯ ಉದ್ದ)

ನೈಲಾನ್ ತಂತಿಗಳ ಎಳೆತ ಒಂದೊಂದಕ್ಕೆ ಸುಮಾರು 7 ಕಿ.ಗ್ರಾಂ. ತೂಕದಷ್ಟು. ಮೊದಲನೆಯ ಮೆಟ್ಟಿಲು ನಟ್‌ನಿಂದ 36.5 ಮಿ.ಮೀ. ದೂರದಲ್ಲಿದೆ. ಅಲ್ಲಿ ತಂತಿಗೂ ಮೆಟ್ಟಿಲಿಗೂ ನಡುವೆ 0.7 ಮಿ.ಮೀ. ಅಂತರವಿದೆಯೆಂದು ಇಟ್ಟುಕೊಳ್ಳೋಣ. ಬೆರಳು ಮೆಟ್ಟಿಲಿಗೆ ಅಂಟಿದಂತೆ, ನಟ್‌ನಿಂದ 33 ಮಿ.ಮೀ. ದೂರದಲ್ಲಿ ಕುಳಿತರೆ ಒಂದು ತಂತಿಗೆ ಬೇಕಾದುದು ಸುಮಾರು 156 ಗ್ರಾಂ. ತೂಕದ ಬಲ. ಅದೇ ಬೆರಳು ನಟ್‌ಗೂ ಮೆಟ್ಟಿಲಿಗೂ ನಡುವೆ, 18 ಮಿ.ಮೀ. ದೂರದಲ್ಲಿ ಕುಳಿತರೆ 280 ಗ್ರಾಂ. ಕೇವಲ 15 ಮಿ.ಮೀ. ಹಿಂದೆ ಸರಿದುದಕ್ಕೆ ಬೆರಳು ತೆರುವ ದಂಡವಿದು! ಹೊಸಬರ ಬೆರಳು ಬಹಳವಾಗಿ ಕೂರುವುದು ಈ ನಡುಭಾಗದಲ್ಲಿಯೇ.

ಐದನೆಯ ಮೆಟ್ಟಿಲಿನಲ್ಲಿ ಏನಾಗುವುದು? ಅಲ್ಲಿ ತಂತಿ ಹೆಚ್ಚು ಎತ್ತರದಲ್ಲಿರುತ್ತದೆ; ಅಂತರವನ್ನು 2 ಮಿ.ಮೀ. ಎಂದು ಹಿಡಿಯೋಣ. ಹೆಚ್ಚು ತಗ್ಗಿಸಬೇಕಾದುದರಿಂದ ಹೆಚ್ಚು ಬಲ ಬೇಕೆಂದು ತೋರುವುದು ಸಹಜ. ಆದರೆ ಬೆರಳು ನಟ್‌ನಿಂದ 160 ಮಿ.ಮೀ. ದೂರಕ್ಕೆ ಬಂದಿರುವುದರಿಂದ ಬೇಕಾಗುವ ಬಲ ತಂತಿಯೊಂದಕ್ಕೆ 116 ಗ್ರಾಂ. ಮಾತ್ರ. ಹೀಗಿದ್ದರೂ ಅನೇಕ ಪಾಠಪುಸ್ತಕಗಳು ಬಾರ್ ಅಭ್ಯಾಸವನ್ನು ಕತ್ತಿನ ಅತಿ ಕಠಿಣವಾದ ಮೊದಲ ಮೆಟ್ಟಿಲಿನಿಂದಲೇ ಪ್ರಾರಂಭಿಸುತ್ತವೆ. ಸಿ ಶ್ರುತಿಯ ಹಾಡುಗಳಿಗೆ ಎಫ್ ಬೇಕೆಂಬುದು ಅವರ ಸಮಾಧಾನ. ಈಜು ಕಲಿಸುವವರು ಮಡುವಿನಿಂದ ಪ್ರಾರಂಭಿಸುವುದಿಲ್ಲ. ಐದನೆಯ ಮೆಟ್ಟಿಲಿನಲ್ಲಿ ತೊಡಗಿ, ನಾದ ಸ್ವಚ್ಛವಾದಂತೆ ಒಂದೊಂದೇ ಮೆಟ್ಟಿಲು ಕೆಳಕ್ಕಿಳಿದು ಬರುವುದೇ ಸರಿಯಾದ ಕ್ರಮವೆಂದು ನಮ್ಮ ಅಭಿಪ್ರಾಯ.

ಇನ್ನೊಂದು ಸಂಗತಿ. ನಟ್‌ನ ಗಾಡಿಗಳನ್ನು ಸಾಕಷ್ಟು ಆಳವಾಗಿ ಕೊರೆಯದಿದ್ದರೆ ಮೊದಲ ಮೆಟ್ಟಿಲಿನ ಬಳಿ ಅಂತರ 1.2 ಮಿ.ಮೀ. ಇರಬಹುದು. ಆಗ ಬೆರಳು ಸರಿಯಾದ ಸ್ಥಾನದಲ್ಲಿದ್ದರೂ ತಂತಿಗೆ 268 ಗ್ರಾಂ. ಬೇಕು. ಕಡಿಮೆ ಬೆಲೆಯ ವಾದ್ಯಗಳಲ್ಲಿ ಈ ದೋಷ ವಿರಳವಲ್ಲ. ಕಲಿಯುವವನು ಮಾತ್ರ ತನ್ನ ಕೈಯನ್ನು ಹಳಿದುಕೊಳ್ಳುತ್ತಾನೆ. ಪರೀಕ್ಷೆ ಸುಲಭ: ಎರಡನೆಯ ಮತ್ತು ಮೂರನೆಯ ಮೆಟ್ಟಿಲುಗಳ ನಡುವೆ ತಂತಿಯನ್ನು ಒತ್ತಿ ಹಿಡಿದು, ಮೊದಲನೆಯ ಮೆಟ್ಟಿಲಿನ ಮೇಲೆ ಉಳಿಯುವ ಸಂದನ್ನು ನೋಡಬೇಕು. ಕೂದಲೆಳೆಯಷ್ಟು ಸಂದು ಇದ್ದರೆ ಸರಿ. ದಪ್ಪ ರಟ್ಟು ತೂರುವಷ್ಟಿದ್ದರೆ ರಿಪೇರಿ ಮಾಡುವವರ ಬಳಿಗೆ ಒಯ್ಯತಕ್ಕದ್ದು. ತಾವೇ ಅರವನ್ನು ಹಿಡಿದು ಉಜ್ಜತೊಡಗುವುದು ಬೇಡ. ಹೆಚ್ಚು ತೆಗೆದುದನ್ನು ಮರಳಿ ಅಂಟಿಸಲಾಗದು.

ಮೇಲ್ಕಂಡ 156 ಗ್ರಾಂ. ಅನ್ನು ಆರರಿಂದ ಗುಣಿಸಿದರೆ 936 ಗ್ರಾಂ. ಆಗುತ್ತದೆ. ಆದರೆ ತೋರುಬೆರಳು ನಿಜವಾಗಿಯೂ ಆರು ತಂತಿಗಳನ್ನು ಒತ್ತಬೇಕೇ? ಐದನೆಯ ಮತ್ತು ನಾಲ್ಕನೆಯ ತಂತಿಗಳನ್ನು ಮೂರನೆಯ ಮೆಟ್ಟಿಲಿನಲ್ಲಿ ಉಂಗುರಬೆರಳು, ಕಿರುಬೆರಳು ಹಿಡಿದಿವೆ. ಮೂರನೆಯ ತಂತಿಯನ್ನು ಎರಡನೆಯ ಮೆಟ್ಟಿಲಿನಲ್ಲಿ ನಡುಬೆರಳು ಹಿಡಿದಿದೆ. ಆ ಮೂರು ತಂತಿಗಳ ಮೇಲೆ ತೋರುಬೆರಳು ಸುಮ್ಮನೆ ಮಲಗಿದ್ದರೂ ನಾದಕ್ಕೆ ಭಂಗವಿಲ್ಲ. ಅದು ಹೊಣೆ ಹೊತ್ತಿರುವುದು ಆರನೆಯ, ಎರಡನೆಯ ಮತ್ತು ಒಂದನೆಯ ತಂತಿಗಳಿಗೆ ಮಾತ್ರ. ಅಂದರೆ 468 ಗ್ರಾಂ. ಅರ್ಧ ಲೀಟರ್ ನೀರಿನ ತೂಕಕ್ಕಿಂತಲೂ ಕಡಿಮೆ! ತಂತಿಯು ಮೆಟ್ಟಿಲನ್ನು ಮುಟ್ಟಲು ಬೇಕಾದ ಕನಿಷ್ಠ ಬಲವಿದು. ಕಂಪಿಸುವಾಗ ಅಲುಗದಂತೆ ಹಿಡಿಯಲು ಇನ್ನಷ್ಟು ಬೇಕು. ಇಮ್ಮಡಿ ಎಂದೇ ಹಿಡಿದರೂ ಒಂದು ಕಿ.ಗ್ರಾಂ. ಮೀರದು. ಉಕ್ಕಿನ ತಂತಿಗಳ ಎಳೆತ 12 ಕಿ.ಗ್ರಾಂ. ಆಸುಪಾಸಿನಲ್ಲಿರುವುದರಿಂದ ಅಲ್ಲಿ ಈ ಅಂಕಿಗಳನ್ನು ಸುಮಾರು ಒಂದೂ ಮುಕ್ಕಾಲರಿಂದ ಗುಣಿಸಿಕೊಳ್ಳಬೇಕು. ಅಡುಗೆಮನೆಯ ತಕ್ಕಡಿಯನ್ನು ಬೆರಳಿನಿಂದ ಒತ್ತಿ 468 ಎಂಬ ಅಂಕಿಯನ್ನು ತೋರಿಸಲು ಯತ್ನಿಸಿರಿ. ಸಣ್ಣ ಕೈಯವರಿಗೂ ಅದು ಸುಲಭವೇ.

ಹಾಗಾದರೆ ಕಷ್ಟವಿರುವುದೆಲ್ಲಿ? ಬೆರಳು ಉಕ್ಕಿನ ಸರಳಲ್ಲ. ಅದರ ಒಳಮೈ ಮೆತ್ತಗಿದೆ, ಕೀಲುಗಳ ಬಳಿ ಗೆರೆಬಿದ್ದು ತಗ್ಗಾಗಿದೆ. ತಂತಿಯೊಂದು ಆ ತಗ್ಗಿನಲ್ಲಿ ಕುಳಿತರೆ ಇಡೀ ಕೈಯಿಂದ ಹಿಂಡಿದರೂ ಅದಕ್ಕೆ ಒತ್ತಡ ತಲುಪುವುದಿಲ್ಲ; ಕಂಪನದ ಶಕ್ತಿಯನ್ನು ಮಾಂಸವೇ ಹೀರಿಬಿಡುತ್ತದೆ. ‘ಟಕ್’ ಎಂಬ ಸತ್ತ ಶಬ್ದ ಹುಟ್ಟುವುದು ಹೀಗೆ. ಬೆರಳನ್ನು ಹೆಬ್ಬೆರಳಿನ ಕಡೆಯ ಪಕ್ಕಕ್ಕೆ ತುಸು ಹೊರಳಿಸಿದರೆ ಎಲುಬಿಗೆ ಸಮೀಪವಾದ ಗಟ್ಟಿಭಾಗ ತಂತಿಗೆ ತಾಗುತ್ತದೆ. ಬೆರಳನ್ನು ಒಂದೆರಡು ಮಿ.ಮೀ. ಮೇಲಕ್ಕೋ ಕೆಳಕ್ಕೋ ಸರಿಸಿದರೆ ಕೀಲಿನ ಗೆರೆ ತಂತಿಯಿಂದ ತಪ್ಪುತ್ತದೆ. ಬಲವನ್ನು ಹೆಚ್ಚಿಸುವ ಮೊದಲು ಇವೆರಡನ್ನೂ ಮಾಡಿ ನೋಡತಕ್ಕದ್ದು.

ಸ್ನಾಯುಗಳ ವಿಚಾರವೂ ಇದೆ. ನಾವು ವಸ್ತುವನ್ನು ಹಿಡಿಯುವಾಗ ಬೆರಳಿನ ಎಲ್ಲ ಕೀಲುಗಳೂ ಬಾಗುತ್ತವೆ. ಆ ಕೆಲಸದ ದೊಡ್ಡ ಸ್ನಾಯುಗಳು ಮುಂಗೈಯಲ್ಲಿವೆ. ಬಾರ್ ಹಿಡಿಯುವಾಗಲಾದರೋ ಬುಡದ ಕೀಲು ಬಾಗಿ, ಮುಂದಿನ ಎರಡು ಕೀಲುಗಳು ನೆಟ್ಟಗಿರಬೇಕು. ಇದಕ್ಕೆ ಅಂಗೈಯೊಳಗಿನ ಸಣ್ಣ ಸ್ನಾಯುಗಳು ದುಡಿಯಬೇಕಾಗುತ್ತದೆ. ದಿನನಿತ್ಯದಲ್ಲಿ ಅವುಗಳಿಗೆ ಇಂತಹ ದೀರ್ಘ ದುಡಿಮೆಯ ರೂಢಿಯಿಲ್ಲ. ಮೊದಲ ವಾರಗಳಲ್ಲಿ ಕಾಣುವ ಪ್ರಗತಿ ಸ್ನಾಯು ದಪ್ಪವಾದುದರಿಂದಲ್ಲ. ಯಾವುದನ್ನು ಎಷ್ಟು ಬಿಗಿಯಬೇಕೆಂಬುದನ್ನು ನರಮಂಡಲ ಕಲಿತುದರಿಂದ. ಆದುದರಿಂದ ಒಂದೇ ಸಮನೆ ಒಂದು ಗಂಟೆ ಹಿಂಡುವುದಕ್ಕಿಂತ ದಿನಕ್ಕೆ ಮೂರು ನಾಲ್ಕು ಬಾರಿ ಐದೈದು ನಿಮಿಷ ಹಿಡಿದು ಬಿಡುವುದು ಲೇಸು. ಬೆರಳ ತುದಿಯ ಉರಿ ಕೆಲದಿನಗಳಲ್ಲಿ ಶಮನವಾಗುವುದು; ಮಣಿಕಟ್ಟಿನಲ್ಲಿ ನೋವು ಕಂಡರೆ ಮಾತ್ರ ಆಗಲೇ ನಿಲ್ಲಿಸಬೇಕು.

ಹೆಬ್ಬೆರಳನ್ನು ಎಲ್ಲರೂ ಚಿಮಟದ ಇನ್ನೊಂದು ಕಾಲೆಂದು ಭಾವಿಸಿ ಹಿಂಡುತ್ತಾರೆ. ಪ್ರತಿಬಲವನ್ನು ಒದಗಿಸಲು ಬೇರೆ ದಾರಿಯೂ ಇದೆ. ಗಿಟಾರಿನ ಒಡಲನ್ನು ಬಲ ಮುಂಗೈ ಎದೆಗೆ ಒತ್ತಿ ಹಿಡಿದಿರುವುದರಿಂದ ಇಡೀ ವಾದ್ಯವು ಸನ್ನೆಗೋಲಿನಂತೆ ವರ್ತಿಸುತ್ತದೆ; ಎಡತೋಳಿನ ತೂಕದಿಂದ ಬೆರಳನ್ನು ಹಿಂದಕ್ಕೆಳೆದರೆ ಕತ್ತು ತಾನೇ ಎದುರೊತ್ತುತ್ತದೆ. ಹೆಬ್ಬೆರಳನ್ನು ಪೂರ್ತಿಯಾಗಿ ತೆಗೆದು ಕಾರ್ಡನ್ನು ನುಡಿಸಿ ನೋಡಿದರೆ ಇದು ಅನುಭವಕ್ಕೆ ಬರುತ್ತದೆ.

ಎಫ್ ಕೈಗೆ ಬಂದ ಮೇಲೆ ನಡುಬೆರಳನ್ನು ಎತ್ತಿದರೆ ಎಫ್ ಮೈನರ್ ಆಗುತ್ತದೆ; ಅಂತರ ಗಾಂಧಾರ ಹೋಗಿ ಸಾಧಾರಣ ಗಾಂಧಾರ ಬರುತ್ತದೆ. ಒಂದು ಬೆರಳು ಕಡಿಮೆಯಾದರೂ ಇದು ಹೆಚ್ಚು ಕಠಿಣ. ಮೂರನೆಯ ತಂತಿಯ ಹೊಣೆಯೂ ಈಗ ತೋರುಬೆರಳಿಗೆ ಬಿದ್ದು 468 ಗ್ರಾಂ. ಇದ್ದುದು 624 ಆಗುತ್ತದೆ. ಸಾಲದುದಕ್ಕೆ ಕೀಲಿನ ಗೆರೆ ಅನೇಕರಿಗೆ ಆ ತಂತಿಯ ಸಮೀಪದಲ್ಲಿಯೇ ಬರುತ್ತದೆ.

ಇನ್ನು ಸಮಪ್ರಮಾಣದ ಬೆಲೆ. ಎಫ್ ಕಾರ್ಡಿನಲ್ಲಿ ನಾಲ್ಕನೆಯ ತಂತಿ ಸೆಕೆಂಡಿಗೆ 174.6 ಬಾರಿ, ಮೂರನೆಯದು 220 ಬಾರಿ ಕಂಪಿಸುತ್ತದೆ. ಶುದ್ಧವಾದ ಅಂತರ ಗಾಂಧಾರವು ಷಡ್ಜದ ಒಂದೂಕಾಲರಷ್ಟು, ಅಂದರೆ 218.3 ಇರಬೇಕಿತ್ತು. ಷಡ್ಜದ ಐದನೆಯ ಸಂಗತಸ್ವರ 873ರಲ್ಲಿಯೂ ಗಾಂಧಾರದ ನಾಲ್ಕನೆಯ ಸಂಗತಸ್ವರ 880ರಲ್ಲಿಯೂ ಇರುವುದರಿಂದ ಅವೆರಡೂ ಸೇರಿ ಸೆಕೆಂಡಿಗೆ 7 ಬಾರಿ ಏರಿಳಿಯುತ್ತವೆ. ಭೌತವಿಜ್ಞಾನದಲ್ಲಿ ಇದಕ್ಕೆ ವಿಸ್ಪಂದನ ಎಂದು ಹೆಸರು. ಅತಿಯಾಗಿ ಒತ್ತಿದರೆ ತಂತಿ ಇನ್ನಷ್ಟು ಬಿಗಿದು ಸ್ವರವೇರುವುದರಿಂದ ಈ ಸಂಖ್ಯೆಯೂ ಬದಲಾಗುತ್ತದೆ. ನಿಶ್ಶಬ್ದವಾದ ಕೋಣೆಯಲ್ಲಿ ಕಾರ್ಡನ್ನು ಹಿಡಿದು, ಈ ಎರಡೇ ತಂತಿಗಳನ್ನು ಮೀಟಿ ಕಿವಿಗೊಟ್ಟರೆ ಆ ನಡುಕವು ಸಣ್ಣಗೆ ಕೇಳಿಸುತ್ತದೆ. ಎರಡರಲ್ಲಿ ಒಂದು ತಂತಿ ಸತ್ತಿದ್ದರೂ ಕೇಳಿಸದು.